ಆಪ್ತನ ಸಾಕ್ಷ್ಯ

ಪಕ್ಷ ಹಿಡಿದವನು ನಡೆಸಿದ ಪತ್ರಿಕೆ ಪತ್ರಿಕೆಯಲ್ಲ, ಪಕ್ಷ ಹಿಡಿದವನು ತೆಗೆದ ಛಾಯಾಚಿತ್ರ ಪ್ರಮಾಣವಲ್ಲ ಎಂಬ ಮಾತು ವಿದ್ಯಾವಂತರಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ಕೇಳುವುದಕ್ಕೆ ಇದು ಬಹು ನ್ಯಾಯವಾದ ಮಾತಿನಂತೆ ತೋರುವುದು. ವಾದಿಯೇ ಸಾಕ್ಷಿಯಾಗಲು ತಕ್ಕವನಲ್ಲವೆಂದು ಹಳ್ಳಿಯ ಪಂಚಾಯಿತಿಯೂ ಬಲ್ಲದು. ಆದರೆ ಈ ಸೂತ್ರವನ್ನು ಹಿಡಿದುಕೊಂಡು, ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮೆಕ್ಸಿಕೋ ಮೂಲದ ಪ್ರಜೆಗಳು ಕಳೆದ ಶತಮಾನದ ಅರುವತ್ತು ಎಪ್ಪತ್ತರ ದಶಕಗಳಲ್ಲಿ ನಡೆಸಿದ ಪತ್ರಿಕೆಗಳನ್ನೂ ತೆಗೆದ ಚಿತ್ರಗಳನ್ನೂ ಅಳೆಯಲು ಹೊರಟವರು, ಅಳತೆಯ ಕೋಲು ನೆಟ್ಟಗಿದೆಯೇ ಎಂಬುದನ್ನು ಮೊದಲು ನೋಡಿಕೊಂಡಂತೆ ಕಾಣುವುದಿಲ್ಲ. ಆ ಪತ್ರಿಕೆಗಳು ಕೇವಲ ಚಳವಳಿಯ ಕರಪತ್ರಗಳು, ಆ ಚಿತ್ರಗಳು ಕೇವಲ ಉದ್ರೇಕದ ಸಾಧನಗಳು ಎಂದು ಅವರು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ಶಾಸ್ತ್ರಕ್ಕೂ ಹೊಂದದು, ನಡೆದ ಸಂಗತಿಗಳಿಗೂ ಹೊಂದದು.

ಈ ಜನರ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿಯಾದರೂ ಅರಿಯದೆ ವಿಷಯ ತಿಳಿಯದು. 1848ರಲ್ಲಿ ಗ್ವಾದಲೂಪೆ ಹಿದಾಲ್ಗೊ ಎಂಬಲ್ಲಿ ಆದ ಒಪ್ಪಂದದ ಪ್ರಕಾರ ಮೆಕ್ಸಿಕೋ ದೇಶವು ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೋ ಮೊದಲಾದ ವಿಸ್ತಾರವಾದ ಸೀಮೆಗಳನ್ನು ಸಂಯುಕ್ತ ಸಂಸ್ಥಾನಗಳಿಗೆ ಬಿಟ್ಟುಕೊಟ್ಟಿತು. ಅಲ್ಲಿ ನೆಲಸಿದ್ದವರು ತಾತಮುತ್ತಾತಂದಿರ ಮನೆಯ ಜಗುಲಿಯಲ್ಲಿ ಕುಳಿತಿದ್ದಂತೆಯೇ ಪರರಾಜ್ಯದ ಪ್ರಜೆಗಳಾದರು. ಮುಂದೆ ಹೊಲತೋಟಗಳ ಕೂಲಿಗಾಗಿ ಗಡಿ ದಾಟಿ ಬಂದ ಲಕ್ಷಾಂತರ ಮಂದಿ ಇವರೊಡನೆ ಕೂಡಿದರು. ಭಾಷೆ ಸ್ಪ್ಯಾನಿಷ್, ಮೈಬಣ್ಣ ಕಂದು, ಕಸುಬು ಹೆಚ್ಚಾಗಿ ಕೂಲಿ. ಇಷ್ಟರಿಂದಲೇ ಅವರ ಸ್ಥಾನ ಗೊತ್ತಾಗಿಹೋಯಿತು. 'ಚಿಕಾನೊ' ಎಂಬುದು ಮೊದಲು ಅವರನ್ನು ಹೀಗಳೆಯುವ ಮಾತಾಗಿತ್ತು. ಅರುವತ್ತರ ದಶಕದ ತರುಣರು ಅದನ್ನೇ ಎತ್ತಿಕೊಂಡು ಬಿರುದಿನಂತೆ ಧರಿಸಿದರು.

ಇಂತಹವರಿಗೆ ದೊಡ್ಡ ಪತ್ರಿಕೆಗಳಲ್ಲಿ ಇದ್ದ ಸ್ಥಳವೆಷ್ಟು? ಅಪರಾಧದ ವರದಿಯಲ್ಲಿ ಒಂದಿಷ್ಟು, ಹಬ್ಬದ ಕುಣಿತದ ವರ್ಣನೆಯಲ್ಲಿ ಒಂದಿಷ್ಟು. ಲಾಸ್ ಏಂಜಲಿಸ್ ನಗರದಲ್ಲಿ 1926ರಿಂದ 'ಲಾ ಒಪಿನಿಯೊನ್' ಎಂಬ ಸ್ಪ್ಯಾನಿಷ್ ದಿನಪತ್ರಿಕೆ ನಡೆಯುತ್ತಿತ್ತೆಂಬುದನ್ನು ಮರೆಯಲಾಗದು. ಆದರೆ ತೋಟದ ಆಳು, ಶಾಲೆಯ ಹುಡುಗ, ಕೇರಿಯ ಹೆಂಗಸು ತಾವೇ ಬರೆದು ತಾವೇ ಓದುವ ಪತ್ರಿಕೆ ಬೇರೆ ಬಗೆಯದು. ಅದರ ಮೊದಲ ಪ್ರಸಿದ್ಧ ಉದಾಹರಣೆ ಸೀಸರ್ ಚಾವೆಸರು 1964ರಲ್ಲಿ ಡಿಲೇನೊ ಊರಿನಲ್ಲಿ ಆರಂಭಿಸಿದ 'ಎಲ್ ಮಾಲ್ಕ್ರಿಯಾದೊ'. ಉಪವಾಸವ್ರತದಲ್ಲಿ ಗಾಂಧೀಜಿಯವರ ದಾರಿಯನ್ನು ಹಿಡಿದು 1968ರಲ್ಲಿ 25 ದಿನ ಅನ್ನ ಬಿಟ್ಟವರು ಈ ಚಾವೆಸರೇ. ಪತ್ರಿಕೆಯ ಹೆಸರಿಗೆ 'ಮರ್ಯಾದೆ ಕಲಿಯದ ಹುಡುಗ', ಅಂದರೆ ಹಿರಿಯರಿಗೆ ಎದುರುತ್ತರ ಕೊಡುವವನು ಎಂದರ್ಥ. ಹೆಸರಿನಲ್ಲಿಯೇ ಪಕ್ಷವನ್ನು ಸಾರಿಕೊಂಡ ಪತ್ರಿಕೆ ಅದು. 1965ರ ಸೆಪ್ಟೆಂಬರಿನಲ್ಲಿ ಲಾರಿ ಇಟ್ಲಿಯಾಂಗ್ ಅವರ ನೇತೃತ್ವದಲ್ಲಿ ಫಿಲಿಪೈನ್ಸ್ ಮೂಲದ ಕೂಲಿಕಾರರು ದ್ರಾಕ್ಷಿತೋಟಗಳಲ್ಲಿ ಮುಷ್ಕರ ಹೂಡಿದಾಗ, ಚಾವೆಸರ ಸಂಘವೂ ಸುಮಾರು ಒಂದು ವಾರದ ಮೇಲೆ ಅದಕ್ಕೆ ಕೂಡಿಕೊಂಡಿತು. ಅಕ್ಷರ ಬಾರದ ಕೂಲಿಕಾರನೂ ಈ ಪತ್ರಿಕೆಯಲ್ಲಿ ಡಾನ್ ಸೊಟಾಕೊ ಎಂಬ ಗಿಡ್ಡ ಆಳಿನ ವ್ಯಂಗ್ಯಚಿತ್ರವನ್ನು ಕಂಡು, ಅದರಲ್ಲಿ ತನ್ನನ್ನೇ ಗುರುತಿಸಿ ನಗುತ್ತಿದ್ದನು. ಐದು ವರುಷದ ಮೇಲೆ, 1970ರ ಜುಲೈಯಲ್ಲಿ, ಡಿಲೇನೊ ತೋಟದ ಒಡೆಯರು ಕರಾರಿಗೆ ರುಜು ಹಾಕಿದರು. ಪತ್ರಿಕೆಯಿಂದಲೇ ಇದೆಲ್ಲ ಆಯಿತೆಂದರೆ ಅತ್ಯುಕ್ತಿ. ಪತ್ರಿಕೆಯಿಲ್ಲದೆ ಆಗುತ್ತಿತ್ತೆಂದರೆ ಅದಕ್ಕಿಂತ ದೊಡ್ಡ ಅತ್ಯುಕ್ತಿ.

ಲಾಸ್ ಏಂಜಲಿಸ್ಸಿನ ಪೂರ್ವಭಾಗದ ಲಿಂಕನ್ ಹೈಟ್ಸ್ ಎಂಬಲ್ಲಿ ಎಪಿಫನಿ ಎಂಬ ಒಂದು ಇಗರ್ಜಿ ಉಂಟು. ಅದರ ನೆಲಮಾಳಿಗೆಯಲ್ಲಿ 1967ರ ಸೆಪ್ಟೆಂಬರಿನಲ್ಲಿ 'ಲಾ ರಾಸಾ' ಎಂಬ ಪತ್ರಿಕೆ ಹುಟ್ಟಿತು. ಎಲಿಯೆಸರ್ ರಿಸ್ಕೊ, ರೂತ್ ರಾಬಿನ್‌ಸನ್ ಮೊದಲಾದವರು ಅದನ್ನು ಕಟ್ಟಿದರು. ಮುಂದೆ ರಾವುಲ್ ರೂಯಿಸ್, ಜೋ ರಾಸೊ ಎಂಬವರು ಸಂಪಾದಕರಾದರು. ಹತ್ತು ವರುಷ, ಅಂದರೆ 1977ರ ವರೆಗೆ, ಮೊದಲು ವೃತ್ತಪತ್ರಿಕೆಯಾಗಿಯೂ ಆಮೇಲೆ ಸಂಚಿಕೆಯ ರೂಪದಲ್ಲಿಯೂ ಅದು ಹೊರಟಿತು. ಕೆಲಸಗಾರರು ಬಹುಮಟ್ಟಿಗೆ ಸಂಬಳವಿಲ್ಲದವರು. ಕ್ಯಾಮೆರಾ ಹಿಡಿಯಲು ಅಲ್ಲಿಯೇ ಕಲಿತವರೂ ಹಲವರು. ಲೇಖನ ಬರೆದವನೇ ಮೆರವಣಿಗೆಯಲ್ಲಿ ನಡೆಯುವನು, ಮೆರವಣಿಗೆಯಲ್ಲಿ ನಡೆದವನೇ ಚಿತ್ರ ತೆಗೆಯುವನು, ಚಿತ್ರ ತೆಗೆದವನೇ ಅಚ್ಚಾದ ಪ್ರತಿಗಳನ್ನು ಬೀದಿಯಲ್ಲಿ ಹಂಚುವನು. ಆಕ್ಷೇಪಕರು ಬೆರಳಿಟ್ಟು ತೋರಿಸುವುದು ಇದನ್ನೇ.

ಆ ಬೆರಳು ಎಲ್ಲಿಯವರೆಗೆ ಹೋಗುವುದೆಂದು ನೋಡಬಹುದು. 1968ರ ಮಾರ್ಚಿಯಲ್ಲಿ ಲಿಂಕನ್, ರೂಸ್‌ವೆಲ್ಟ್, ಗಾರ್‌ಫೀಲ್ಡ್ ಮೊದಲಾದ ಪ್ರೌಢಶಾಲೆಗಳಿಂದ ಸಾವಿರಾರು ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಹೊರಗೆ ಬಂದರು. ಕಾರಣ ಅಲ್ಪವಾದುದಲ್ಲ. ಆ ಶಾಲೆಗಳಲ್ಲಿ ಓದಲು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಓದು ಮುಗಿಸದೆ ಬಿಡುತ್ತಿದ್ದರು. ತಾಯಿಯ ನುಡಿಯನ್ನು ಶಾಲೆಯಲ್ಲಿ ಆಡಿದುದಕ್ಕಾಗಿ ಹಲಗೆಯ ಪೆಟ್ಟು ತಿಂದ ಮಕ್ಕಳಿದ್ದರು. ಬುದ್ಧಿವಂತನಾದ ಹುಡುಗನನ್ನೂ ಬಡಗಿಕೆಲಸ, ಯಂತ್ರದ ಕೆಲಸಗಳ ಕಡೆಗೇ ನೂಕುವುದು ವಾಡಿಕೆಯಾಗಿತ್ತು. (ಕೈಕೆಲಸ ಹೀನವೆಂದಲ್ಲ, ಬಯಸಿ ಕಲಿಯುವುದಕ್ಕೂ ಮೈಬಣ್ಣ ನೋಡಿ ನೂಕಿಸಿಕೊಳ್ಳುವುದಕ್ಕೂ ಅಂತರವುಂಟು.) ಲಿಂಕನ್ ಶಾಲೆಯ ಉಪಾಧ್ಯಾಯರಾದ ಸಾಲ್ ಕ್ಯಾಸ್ಟ್ರೊ ಎಂಬವರು ಮಕ್ಕಳೊಡನೆ ಬೀದಿಗಿಳಿದರು. ಉಪಾಧ್ಯಾಯನಾದವನು ಹೀಗೆ ಮಾಡಬಹುದೇ ಎಂದು ಹುಬ್ಬೇರಿಸಿದವರು ಅಲ್ಲಿಯೂ ಇದ್ದರು. ಶಿಷ್ಯನನ್ನು ಒಳಗೆ ಕೂಡಿಹಾಕಿ ಬಾಗಿಲು ಕಾಯುವುದಷ್ಟೇ ಗುರುವಿನ ಧರ್ಮವೆಂದು ಯಾವ ಉಪನಿಷತ್ತು ಹೇಳಿದೆಯೋ ಅವರೇ ತಿಳಿಸಬೇಕು.

ಆ ದಿನಗಳಲ್ಲಿ ಬೇಡಿಕೆಗಳ ಪಟ್ಟಿಯನ್ನು ಅಚ್ಚುಹಾಕಿದವು, ಮಕ್ಕಳನ್ನು ಪೋಲೀಸಿನವರು ಹೇಗೆ ನಡೆಸಿಕೊಂಡರೆಂಬುದನ್ನು ಚಿತ್ರದಲ್ಲಿ ತೋರಿಸಿದವು 'ಲಾ ರಾಸಾ' ಮತ್ತು ವಿದ್ಯಾರ್ಥಿಗಳ ಸಣ್ಣ ಪತ್ರಿಕೆಗಳು. ಫಲವೇನಾಯಿತು? ಕೆಲವು ವಾರಗಳ ಮೇಲೆ ಹದಿಮೂರು ಮಂದಿಯ ಮೇಲೆ ಶಾಲೆಯ ಶಾಂತಿಭಂಗಕ್ಕೆ ಒಳಸಂಚು ಮಾಡಿದರೆಂಬ ಆರೋಪ ಬಂದಿತು. ಕ್ಯಾಸ್ಟ್ರೊ ಅವರಲ್ಲೊಬ್ಬರು, 'ಲಾ ರಾಸಾ'ದ ರಿಸ್ಕೊ ಮತ್ತು ರಾಸೊ ಇಬ್ಬರೂ ಅವರಲ್ಲಿ ಸೇರಿದ್ದರು. ಇಲ್ಲಿನ ತರ್ಕ ವಿಚಿತ್ರವಾದುದು. ಶಾಂತಿಭಂಗ ಮಾಡುವುದು ಸಣ್ಣ ಅಪರಾಧ. ಶಾಂತಿಭಂಗದ ಮಾತನ್ನು ಕೂತು ಆಡುವುದು ಮಹಾಪರಾಧ! ಮಾಡಿದ ಕೆಲಸಕ್ಕಿಂತ ಆಡಿದ ಮಾತಿಗೆ ದಂಡ ಹೆಚ್ಚು ಎಂದ ಮೇಲೆ, ಪತ್ರಿಕೆ ನಡೆಸುವವನೇ ಮುಖ್ಯ ಅಪರಾಧಿಯಾಗದೆ ಇನ್ನಾರು? 1970ರಲ್ಲಿ ಮೇಲ್ಮನವಿಯ ನ್ಯಾಯಾಲಯವು ವಾಕ್‌ಸ್ವಾತಂತ್ರ್ಯದ ಆಧಾರದ ಮೇಲೆ ಈ ಆರೋಪಗಳನ್ನು ತಳ್ಳಿಹಾಕಿತು. ಆದರೆ ಎರಡು ವರುಷ ಆ ಕತ್ತಿ ತೂಗಿದ್ದು ಪತ್ರಿಕೆಯವರ ತಲೆಯ ಮೇಲೆ. ನಿಷ್ಪಕ್ಷಪಾತದ ಬೋಧೆಯನ್ನು ಆಕ್ಷೇಪಕರು ಆರೋಪ ಹೊರಿಸಿದ ಸರಕಾರದ ವಕೀಲರಿಗೆ ಹೇಳಿದ್ದರೆ ಒಪ್ಪುತ್ತಿತ್ತು.

ಇನ್ನು ಮುಖ್ಯವಾದ ಸಂಗತಿ. ಆಗ ವಿಯಟ್ನಾಮಿನಲ್ಲಿ ಯುದ್ಧ ನಡೆಯುತ್ತಿತ್ತು. ಅಲ್ಲಿ ಮಡಿಯುತ್ತಿದ್ದ ಸೈನಿಕರಲ್ಲಿ ಸ್ಪ್ಯಾನಿಷ್ ಹೆಸರಿನವರ ಪಾಲು, ಜನಸಂಖ್ಯೆಯಲ್ಲಿ ಅವರಿಗಿದ್ದ ಪಾಲಿಗಿಂತ ಮಿಗಿಲಾಗಿತ್ತು. ಶಾಲೆಯಲ್ಲಿ ಬೇಡವಾದ ಹುಡುಗ ರಣಭೂಮಿಗೆ ಬೇಕಾದನು. ಇದನ್ನು ಪ್ರತಿಭಟಿಸಿ 1970ರ ಆಗಸ್ಟ್ 29ರಂದು ಪೂರ್ವ ಲಾಸ್ ಏಂಜಲಿಸ್ಸಿನಲ್ಲಿ ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟು ಜನ ಮೆರವಣಿಗೆ ಹೊರಟರು. ಹೆಂಗಸರು, ಮಕ್ಕಳು, ಕಂಕುಳಲ್ಲಿ ಕೂಸು ಹೊತ್ತವರು ಎಲ್ಲರೂ ಲಗೂನಾ ಉದ್ಯಾನದ ಹುಲ್ಲಿನ ಮೇಲೆ ಕುಳಿತು ಹಾಡು ಭಾಷಣಗಳನ್ನು ಕೇಳುತ್ತಿದ್ದಾಗ, ಸಮೀಪದ ಹೆಂಡದಂಗಡಿಯೊಂದರಲ್ಲಿ ಆದ ಗಲಭೆಯನ್ನು ನೆಪಮಾಡಿಕೊಂಡು ಶೆರಿಫನ ಪಡೆ ಲಾಠಿ ಅಶ್ರುವಾಯುಗಳೊಡನೆ ಉದ್ಯಾನದೊಳಗೆ ನುಗ್ಗಿತು. ಆ ದಿನದ ಘಟನೆಗಳಲ್ಲಿ ಮೂವರು ಪ್ರಾಣ ಕಳೆದುಕೊಂಡರು. ಅವರಲ್ಲೊಬ್ಬರು ರೂಬೆನ್ ಸಲಾಸಾರ್.

ಸಲಾಸಾರರು ಚಳವಳಿಗಾರರಲ್ಲ ಎಂಬುದನ್ನು ಆಕ್ಷೇಪಕರು ಎರಡು ಬಾರಿ ಓದಿಕೊಳ್ಳಬೇಕು. ಅವರು 'ಲಾಸ್ ಏಂಜಲಿಸ್ ಟೈಮ್ಸ್' ಎಂಬ ದೊಡ್ಡ ಪತ್ರಿಕೆಯಲ್ಲಿ ಹತ್ತು ವರುಷಕ್ಕೂ ಮಿಕ್ಕಿ ಕೆಲಸಮಾಡಿ, ವಿಯಟ್ನಾಮಿಗೂ ಮೆಕ್ಸಿಕೋ ನಗರಕ್ಕೂ ಬಾತ್ಮೀದಾರರಾಗಿ ಹೋಗಿಬಂದವರು. 1970ರಲ್ಲಿ ಸ್ಪ್ಯಾನಿಷ್ ಭಾಷೆಯ ದೂರದರ್ಶನ ಕೇಂದ್ರದ ವಾರ್ತಾವಿಭಾಗಕ್ಕೆ ಮುಖ್ಯಸ್ಥರಾಗಿ, ಟೈಮ್ಸಿಗೂ ವಾರಕ್ಕೊಂದು ಅಂಕಣ ಬರೆಯುತ್ತಿದ್ದವರು. ನಡತೆಯಲ್ಲಿ, ಉಡುಪಿನಲ್ಲಿ, ಬರವಣಿಗೆಯ ಹದದಲ್ಲಿ ತಟಸ್ಥ ಪತ್ರಿಕೋದ್ಯೋಗಿಯ ಆದರ್ಶವೇ ಅವರಾಗಿದ್ದರು. ತನ್ನ ಜನರ ಮೇಲೆ ಪೋಲೀಸಿನವರು ನಡೆಸುತ್ತಿದ್ದ ಬಲಪ್ರಯೋಗವನ್ನು ಅವರು ಬರೆಯತೊಡಗಿದಾಗ, ಅಧಿಕಾರಿಗಳು ಬಂದು ಕೇರಿಯ ಜನರ ಮನಸ್ಸಿನ ಮೇಲೆ ಇಂತಹ ವಾರ್ತೆಗಳ ಪರಿಣಾಮ ಚೆನ್ನಾಗಿರದೆಂದು ಎಚ್ಚರಿಸಿ ಹೋಗಿದ್ದರು. ತಾಟಸ್ಥ್ಯವು ಅವರನ್ನು ಅಷ್ಟರಿಂದಲೂ ಉಳಿಸಲಿಲ್ಲ.

ಅಂದು ಸಂಜೆಗೆ ಮುಂಚೆ ಸಲಾಸಾರರು ವಿಟ್ಟಿಯರ್ ಬುಲೆವಾರ್ಡ್ ಎಂಬ ಹೆದ್ದಾರಿಯಲ್ಲಿನ 'ಸಿಲ್ವರ್ ಡಾಲರ್' ಎಂಬ ಅಂಗಡಿಯೊಳಗೆ ಕುಳಿತಿದ್ದರು. ಒಳಗೆ ಆಯುಧಪಾಣಿಯಾದವನೊಬ್ಬನಿರುವನೆಂಬ ವರ್ತಮಾನ ಬಂದಿತೆಂದು ಹೇಳಿ ಡೆಪ್ಯುಟಿಗಳು ಅದನ್ನು ಸುತ್ತಿದರು. ಅವರಲ್ಲೊಬ್ಬನು, ಗೋಡೆ ಕದಗಳನ್ನು ಭೇದಿಸಲೆಂದೇ ಮಾಡಿದ ಅಶ್ರುವಾಯುವಿನ ಕೊಳವೆಯನ್ನು ಬಾಗಿಲ ಪರದೆಯ ಮೂಲಕ ಒಳಕ್ಕೆ ಹಾರಿಸಿದನು. ಅದು ಸಲಾಸಾರರ ತಲೆಗೆ ತಗುಲಿತು. ಗಂಟೆಗಟ್ಟಲೆ ಅವರ ದೇಹ ಒಳಗೇ ಬಿದ್ದಿತ್ತು. ಒಳಗಿದ್ದವರೆಲ್ಲ ಹೊರಗೆ ಬರಬೇಕೆಂದು ಮೊದಲು ಆಜ್ಞೆ ಮಾಡಿದೆವೆಂದು ಶೆರಿಫನ ಕಡೆಯವರು ಹೇಳಿದರು.

ಬೀದಿಯ ಎದುರುಬದಿಯಲ್ಲಿ ನಿಂತಿದ್ದವರು ಯಾರು? ನಿಷ್ಪಕ್ಷಪಾತಿಗಳೆನಿಸಿಕೊಂಡ ದೊಡ್ಡ ಪತ್ರಿಕೆಗಳ ಚಿತ್ರಗಾರರಲ್ಲ. 'ಲಾ ರಾಸಾ'ದ ರೂಯಿಸ್ ಮತ್ತು ರಾಸೊ. ರೂಯಿಸ್ ತೆಗೆದ ಚಿತ್ರಗಳಲ್ಲಿ ಅಂಗಡಿಯ ಬಾಗಿಲಲ್ಲಿ ಜನ ನಿಂತಿದ್ದಾರೆ, ಡೆಪ್ಯುಟಿಯ ಬಂದೂಕು ಅವರ ಕಡೆಗೆ ತಿರುಗಿದೆ. ಹೊರಗೆ ಬಂದವರನ್ನು ಬಂದೂಕು ತೋರಿಸಿ ಒಳಕ್ಕೆ ಅಟ್ಟಿದರೆಂದು ಕಣ್ಣಾರೆ ಕಂಡವರು ಹೇಳಿದ ಮಾತಿಗೂ ಚಿತ್ರಕ್ಕೂ ಹೊಂದಿಕೆಯಾಯಿತು. 'ಎಲ್ಲರೂ ಹೊರಗೆ ಬನ್ನಿ' ಎಂದು ಕೂಗಿದೆವೆಂಬ ಹೇಳಿಕೆಗೂ ಚಿತ್ರಕ್ಕೂ ಹೊಂದಿಕೆಯಾಗಲಿಲ್ಲ. ಕೆಲವೇ ದಿನಗಳಲ್ಲಿ ಟೈಮ್ಸ್ ಪತ್ರಿಕೆಯೇ ಆ ಚಿತ್ರಗಳನ್ನು ತೆಗೆದುಕೊಂಡು ಪ್ರಕಟಿಸಿತು. ಕರಪತ್ರವೆಂದು ಜರೆದ ಪತ್ರಿಕೆಯ ಮನೆಬಾಗಿಲಿಗೆ ದೊಡ್ಡ ಪತ್ರಿಕೆ ಎರವಲಿಗೆ ಬಂದ ದಿನ ಅದು.

ಮರಣದ ವಿಚಾರಣೆ ಹದಿನಾರು ದಿನ ದೂರದರ್ಶನದಲ್ಲಿ ಪ್ರಸಾರವಾಗುತ್ತ ನಡೆಯಿತು. ರೂಯಿಸ್ ಸಾಕ್ಷ್ಯ ಕೊಟ್ಟಾಗ ಪ್ರಶ್ನೆಗಳು ಚಿತ್ರವನ್ನು ಬಿಟ್ಟು ಚಿತ್ರಗಾರನ ಪಕ್ಷದ ಕಡೆಗೆ ಸರಿದವು. ಏಳು ಮಂದಿ ಜೂರಿಯವರಲ್ಲಿ ನಾಲ್ವರು, ಸಾವು ಅನ್ಯನ ಕೈಯಿಂದ ಆದುದೆಂದರು; ಮೂವರು ಆಕಸ್ಮಿಕವೆಂದರು. ಆದರೂ ಜಿಲ್ಲಾ ಸರಕಾರಿ ವಕೀಲರು ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. ಮುಂದೆ ಕೌಂಟಿಯು ಸಲಾಸಾರರ ಕುಟುಂಬಕ್ಕೆ ಪರಿಹಾರದ್ರವ್ಯ ಕೊಟ್ಟಿತು. 2011ರಲ್ಲಿ ಕಾಗದಪತ್ರಗಳನ್ನು ಮತ್ತೆ ಪರಿಶೀಲಿಸಿದವರು, ಬೇಕೆಂದು ಅವರನ್ನೇ ಗುರಿಮಾಡಿ ಕೊಂದರೆಂಬುದಕ್ಕೆ ಆಧಾರ ಸಿಗಲಿಲ್ಲವೆಂದೂ, ಆದರೆ ಪಡೆಯವರ ಕಾರ್ಯಕ್ರಮದಲ್ಲಿ ತಪ್ಪುಗಳು ಹಲವಿದ್ದುವೆಂದೂ ವರದಿ ಮಾಡಿದರು. ಬೇಕೆಂದು ಕೊಂದರೆಂದು ಚಳವಳಿಯವರಲ್ಲಿ ಹಲವರು ನಂಬಿದ್ದರು. ಆ ನಂಬಿಕೆಯನ್ನು ಚಿತ್ರ ಸ್ಥಾಪಿಸಲಿಲ್ಲ. ಸ್ಥಾಪಿಸಿದೆನೆಂದು ಅದು ಹೇಳಿಕೊಳ್ಳಲೂ ಇಲ್ಲ. ಬಾಗಿಲಲ್ಲಿ ಯಾರು ನಿಂತಿದ್ದರು, ಬಂದೂಕು ಎತ್ತ ತಿರುಗಿತ್ತು ಎಂಬಿಷ್ಟನ್ನೇ ಅದು ಹೇಳಿತು. ಸಾಕ್ಷಿಯ ಧರ್ಮ ಇದಲ್ಲದೆ ಮತ್ತೇನು?

ಇಲ್ಲಿ ಆಕ್ಷೇಪಕರು ಶಾಸ್ತ್ರದ ಮೊರೆಹೋಗಬಹುದು, ಹೋಗಲಿ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಸಾಕ್ಷಿಗಳ ಪ್ರಕರಣ ಉಂಟು. ಆ ಗ್ರಂಥದ ಬೇರೆ ವಿಧಿಗಳ ಮೇಲೆ ಇರುವ ಆಕ್ಷೇಪಣೆಗಳು ನ್ಯಾಯವಾದುವೇ. ಸಾಕ್ಷಿಯ ವಿಚಾರದಲ್ಲಿ ಅದು ಹೇಳುವುದು ಮಾತ್ರ ಇಲ್ಲಿ ಪ್ರಕೃತ. ಎಲ್ಲ ವರ್ಣಗಳಲ್ಲಿಯೂ ಆಪ್ತರಾದವರನ್ನು ಸಾಕ್ಷಿಗಳನ್ನಾಗಿ ಮಾಡಬೇಕೆಂದು ಒಂದು ಶ್ಲೋಕ ಹೇಳುತ್ತದೆ. ಅದರ ಮುಂದಿನ ಶ್ಲೋಕವೇ, ಧನಸಂಬಂಧವುಳ್ಳವರೂ ಆಪ್ತರೂ ವೈರಿಗಳೂ ಸಾಕ್ಷಿಗಳಾಗಕೂಡದೆನ್ನುತ್ತದೆ. ಪಾಠಶಾಲೆಯ ಹುಡುಗರು ಇಲ್ಲಿ ತಬ್ಬಿಬ್ಬಾಗುವುದುಂಟು. ಒಂದೇ ಪದಕ್ಕೆ ಎರಡರ್ಥ: ಮೊದಲನೆಯದು ನಂಬಲರ್ಹನಾದವನು, ಎರಡನೆಯದು ಬೇಕಾದವನು, ಗೆಳೆಯ. ಕನ್ನಡದಲ್ಲಿ ಈ ಎರಡನೆಯ ಅರ್ಥವೇ ಬಳಕೆಯಲ್ಲಿ ಮುಂದಾಗಿ, ಮೊದಲನೆಯದು ಹಿಂದೆ ಸರಿದಿದೆ. ಆಕ್ಷೇಪಕರ ಭ್ರಾಂತಿಯೆಲ್ಲ ಈ ಎರಡರ್ಥಗಳ ಬೆರಕೆಯಿಂದಲೇ ಹುಟ್ಟಿದುದು. ಕೇರಿಗೆ ಬೇಕಾದವನಾದ್ದರಿಂದ ನಂಬಲರ್ಹನಲ್ಲವೆಂದು ಅವರು ಹೇಳುತ್ತಾರೆ.

ಆದರೆ ಅದೇ ಪ್ರಕರಣದಲ್ಲಿ ಇನ್ನೊಂದು ವಿಧಿಯೂ ಇದೆ. ಸಾಲ, ನಿಕ್ಷೇಪ ಮೊದಲಾದ ವ್ಯವಹಾರಗಳಲ್ಲಿ ಸಾಕ್ಷಿಯ ಯೋಗ್ಯತೆಯನ್ನು ಜರಡಿ ಹಿಡಿಯುವ ಶಾಸ್ತ್ರಕಾರನು, ಬಲಾತ್ಕಾರದ ಕೃತ್ಯಗಳಲ್ಲಿ ಸಾಕ್ಷಿಯ ಯೋಗ್ಯತೆಯನ್ನು ಶೋಧಿಸಕೂಡದೆನ್ನುತ್ತಾನೆ. ಮನೆಯೊಳಗಾಗಲಿ, ಅಡವಿಯಲ್ಲಾಗಲಿ ನಡೆದ ಕೃತ್ಯದಲ್ಲಿ, ಪ್ರಾಣವೇ ಹೋದಲ್ಲಿ, ಕಂಡವನು ಯಾವನಾದರೂ ಸಾಕ್ಷ್ಯ ಹೇಳಬಹುದು. ಕಾರಣ ಸ್ಪಷ್ಟವಾಗಿದೆ. ಸಾಲಪತ್ರಕ್ಕೆ ಸಾಕ್ಷಿಯನ್ನು ಕರೆದು ಕೂರಿಸಿಕೊಳ್ಳಬಹುದು. ಕೊಲೆಗೆ ಯಾರೂ ಮಧ್ಯಸ್ಥರನ್ನು ಆಹ್ವಾನಿಸುವುದಿಲ್ಲ. ಅಲ್ಲಿ ಇದ್ದವನೇ ಸಾಕ್ಷಿ. ನ್ಯಾಯಶಾಸ್ತ್ರದ ಭಾಷ್ಯಕಾರನಾದ ವಾತ್ಸ್ಯಾಯನನ ಮಾತು ಇದಕ್ಕಿಂತಲೂ ಉದಾರವಾದುದು: ವಸ್ತುವನ್ನು ನೇರಾಗಿ ಕಂಡು, ಕಂಡುದನ್ನು ಕಂಡಂತೆ ತಿಳಿಸುವ ಇಚ್ಛೆಯುಳ್ಳವನೇ ಆಪ್ತ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ. ಸಂಬಂಧವಿಲ್ಲದವನಾಗಿರಬೇಕೆಂಬ ನಿಬಂಧನೆಯನ್ನು ಆತನು ಹಾಕಲಿಲ್ಲ.

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಕೆಲವರು ಮುಂದೊಡ್ಡುತ್ತಾರೆ. ಕ್ಯಾಮೆರಾ ಒಂದು ಕ್ಷಣವನ್ನು ಆರಿಸಿ ಉಳಿದುದನ್ನು ಬಿಡುವುದು, ಚೌಕಟ್ಟಿನ ಹೊರಗೆ ಏನಿತ್ತೆಂದು ಯಾರು ಬಲ್ಲರು ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿದೆ; ಆದರೆ ಅದು ದೊಡ್ಡ ಪತ್ರಿಕೆಯ ಚಿತ್ರಕ್ಕೂ ಪೋಲೀಸಿನವರ ಚಿತ್ರಕ್ಕೂ ಅಷ್ಟೇ ತಗಲುವುದು. ರೂಯಿಸ್ 1971ರಲ್ಲಿ ಲಾ ರಾಸಾ ಉನಿದಾ ಪಕ್ಷದಿಂದ ಶಾಸನಸಭೆಗೆ ಸ್ಪರ್ಧಿಸಿದವನು. ತನ್ನ ಪಕ್ಷವನ್ನು ಅವನು ಬಚ್ಚಿಡಲಿಲ್ಲ. ಘೋಷಿಸಿದ ಪಕ್ಷವನ್ನು ಓದುಗನು ತೂಕಕ್ಕೆ ಹಾಕಿ ಕಳೆಯಬಲ್ಲನು; ಬಚ್ಚಿಟ್ಟ ಪಕ್ಷಪಾತವನ್ನು ಎಷ್ಟೆಂದು ಕಳೆಯುವನು? ಮೇಲಾಗಿ ಅವನು ನೆಗೆಟಿವುಗಳನ್ನು ಸುಡಲಿಲ್ಲ, ಬಚ್ಚಿಡಲೂ ಇಲ್ಲ. 'ಲಾ ರಾಸಾ'ದ ಸುಮಾರು 25,000 ಚಿತ್ರಗಳು ಅವನ ಕೈಯಿಂದ ಲಾಸ್ ಏಂಜಲಿಸ್ಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಚಿಕಾನೊ ಅಧ್ಯಯನ ಕೇಂದ್ರಕ್ಕೆ ಸೇರಿವೆ. ಅಚ್ಚಾದ ಚಿತ್ರದ ಹಿಂದಿನ ಮುಂದಿನ ಚಿತ್ರಗಳೂ ಅಲ್ಲಿವೆ. ಪ್ರಮಾಣಿಸಿ ನೋಡಬೇಕೆನ್ನುವವರಿಗೆ ಬಾಗಿಲು ತೆರೆದಿದೆ.

ಇದೇ ಆಕ್ಷೇಪಕರಲ್ಲಿ ಭಾರತದವರಾದವರು ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ ನಡೆಸಿದ 'ಇಂಡಿಯನ್ ಒಪಿನಿಯನ್' ಪತ್ರಿಕೆಗೆ ಕೈಮುಗಿಯುತ್ತಾರೆ. 1903ರಲ್ಲಿ ಆರಂಭವಾದ ಆ ಪತ್ರಿಕೆ ಯಾರ ಪಕ್ಷವನ್ನೂ ಹಿಡಿಯಲಿಲ್ಲವೇ? ಸತ್ಯಾಗ್ರಹಿಯೇ ಸಂಪಾದಕೀಯ ಬರೆದರೆ ಪುಣ್ಯ, ಕೂಲಿಯವನ ಮಗ ಬರೆದರೆ ಪ್ರಚಾರ ಎಂಬ ಭೇದಕ್ಕೆ ಆಧಾರವೇನು?

ಆ ಪತ್ರಿಕೆಗಳಲ್ಲಿ ದೋಷವೇ ಇರಲಿಲ್ಲವೆಂದಲ್ಲ. ಬೈಗುಳಕ್ಕೂ ವಾದಕ್ಕೂ ಇರುವ ಗೆರೆಯನ್ನು ಅವು ಅನೇಕ ಬಾರಿ ದಾಟಿದವು. ಹೆಂಗಸರ ದುಡಿಮೆಯನ್ನು ಪಡೆದಷ್ಟು ಧಾರಾಳವಾಗಿ ಅವರ ಹೆಸರನ್ನು ಹಾಕಲಿಲ್ಲ. ಪತ್ರಿಸಿಯಾ ಬೊರ್ಹೊನ್, ಮರಿಯಾ ಮಾರ್ಕೆಸ್ ಸಾಂಚೆಸ್ ಮೊದಲಾದವರು 'ಲಾ ರಾಸಾ'ಗೆ ಚಿತ್ರ ತೆಗೆದವರೆಂಬುದು ಲೋಕಕ್ಕೆ ತಿಳಿದದ್ದು ಬಹಳ ತಡವಾಗಿ. ಈ ವಿಷಯದಲ್ಲಿ ನ್ಯೂ ಮೆಕ್ಸಿಕೋದ ಎಸ್ಪನ್ಯೋಲಾದಲ್ಲಿ 1968ರಲ್ಲಿ ಆರಂಭವಾದ 'ಎಲ್ ಗ್ರೀತೊ ದೆಲ್ ನೊರ್ತೆ' ಮೇಲೆನ್ನಬೇಕು. ಎಲಿಜಬೆತ್ ಮಾರ್ಟಿನೆಸ್ ಎಂಬ ವಿದುಷಿಯೇ ಅದನ್ನು ನಡೆಸಿದವಳು. ಅದಕ್ಕೆ ಚಿತ್ರ ತೆಗೆದ ಮರಿಯಾ ವರೇಲಾ ಕ್ಯಾಮೆರಾ ಹಿಡಿದ ಕಾರಣವನ್ನು ಉಪಾಧ್ಯಾಯರೆಲ್ಲ ಅರಿತಿರಬೇಕು. ದಕ್ಷಿಣದ ಕರಿಯ ರೈತರಿಗೆ ಅಕ್ಷರ ಕಲಿಸಲು ಹೋದಾಗ, ಅವರಂತಹ ಮುಖಗಳಿರುವ ಪಾಠದ ಚಿತ್ರಗಳೇ ಆಕೆಗೆ ಸಿಗಲಿಲ್ಲ. ಆಗ ಆಕೆ ತಾನೇ ಚಿತ್ರ ತೆಗೆಯಲು ಕಲಿತು, ಬೆಂಡೆಕಾಯಿ ಬೆಳೆಗಾರರ ಸಹಕಾರ ಸಂಘದ ಕಥೆಯನ್ನು ಅವರದೇ ಮುಖಗಳಿಂದ ಪಾಠವಾಗಿ ಮಾಡಿದಳು. ಮಗುವಿನ ಪುಸ್ತಕದಲ್ಲಿ ಮಗುವಿನ ಮನೆಯೇ ಇಲ್ಲದಿದ್ದರೆ ಅದು ಓದುವುದಾದರೂ ಏನನ್ನು?

ಈಚೆಗೆ ಹೊಸದೊಂದು ವಿಪತ್ತು ಬಂದಿದೆ. ನಿಂದಕರಿಗಿಂತ ಅದು ಹೊಗಳುವವರಿಂದ ಬಂದುದು. 2017ರಲ್ಲಿ ಲಾಸ್ ಏಂಜಲಿಸ್ಸಿನ ಆಟ್ರಿ ವಸ್ತುಸಂಗ್ರಹಾಲಯದಲ್ಲಿ 'ಲಾ ರಾಸಾ'ದ ಚಿತ್ರಗಳ ಪ್ರದರ್ಶನವಾಯಿತು. ಅಂದಿನ ಚಿತ್ರಗಾರರಲ್ಲೊಬ್ಬರಾದ ಲೂಯಿಸ್ ಗಾರ್ಸಾ ಅವರೇ ಅದನ್ನು ಏರ್ಪಡಿಸಿದವರಲ್ಲಿ ಒಬ್ಬರಾದುದು ಒಳ್ಳೆಯದಾಯಿತು. ಆದರೆ ಇಂತಹ ಗೋಡೆಗಳ ಮುಂದೆ ನಿಂತ ರಸಿಕರು ಬಿಳುಪು ಕಪ್ಪುಗಳ ಹದವನ್ನೂ ರೇಖೆಗಳ ಸಮತೆಯನ್ನೂ ಕೊಂಡಾಡಿ, ಬಾಗಿಲಲ್ಲಿ ನಿಂತವರು ಯಾರೆಂದು ಕೇಳುವುದನ್ನು ಮರೆಯುತ್ತಾರೆ. ಸಾಕ್ಷ್ಯವನ್ನು ಸುಳ್ಳೆನ್ನುವುದು ಒಂದು ಬಗೆ, ಸುಂದರವೆಂದು ಹೇಳಿ ಸುಮ್ಮನಾಗಿಸುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಉತ್ತರ ಹೇಳುವುದು ಹೆಚ್ಚು ಕಷ್ಟ.

ರೂಯಿಸ್ 2019ರಲ್ಲಿ ತೀರಿಕೊಂಡನು. ಸಾಲ್ ಕ್ಯಾಸ್ಟ್ರೊ ಅವರು ಅದಕ್ಕೆ ಮುಂಚೆಯೇ, 2013ರಲ್ಲಿ. ಲಗೂನಾ ಉದ್ಯಾನಕ್ಕೆ ಸಲಾಸಾರರ ಹೆಸರಿಟ್ಟಿದ್ದಾರೆ, 2008ರಲ್ಲಿ ಅವರ ಅಂಚೆಚೀಟಿಯೂ ಹೊರಟಿತು. ಆದರೆ ಆ 25,000 ಚಿತ್ರಗಳಲ್ಲಿ ಹೆಸರಿಲ್ಲದ ಮುಖಗಳೇ ಹೆಚ್ಚು. 1968ರಲ್ಲಿ ಹದಿನೇಳು ವರುಷದವರಾಗಿ ಲಿಂಕನ್ ಶಾಲೆಯ ಮುಂದೆ ಫಲಕ ಹಿಡಿದು ನಿಂತವರಿಗೆ ಈಗ ಎಪ್ಪತ್ತು ದಾಟಿದೆ. ಪ್ರತಿಯೊಂದು ಚಿತ್ರವನ್ನೂ ಕೇರಿಯ ಮನೆಮನೆಗೆ ಒಯ್ದು, ಇವರಾರು, ಇದೆಲ್ಲಿ, ಅಂದು ಏನಾಯಿತು ಎಂದು ಕೇಳಿ ಬೆನ್ನಿನ ಮೇಲೆ ಬರೆಯಿಸುವ ಕೆಲಸಕ್ಕೆ ಮ್ಯೂಸಿಯಮ್ಮಿನ ಹಣವೂ ವಿಶ್ವವಿದ್ಯಾನಿಲಯದ ಆಳುಗಳೂ ಈ ವರುಷವೇ ದೊರೆಯಬೇಕು. ಹೇಳಬಲ್ಲವರು ವರುಷ ವರುಷಕ್ಕೆ ಕಡಮೆಯಾಗುತ್ತಿದ್ದಾರೆ.